ಬಾನೆಟ್ಟಿನ ಎತ್ತು

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಕಾರಿನ ಕತೆ ಹೇಳುವವನಿಗೆ ಕಾರು ಗೊತ್ತಿರಬೇಕು, ದೇವರ ಕತೆ ಹೇಳುವವನಿಗೆ ದೇವರು ಗೊತ್ತಿರಬೇಕು. ಇದನ್ನು ಹೇಳುತ್ತಿರುವವನಿಗೆ ಕಾರಿನ ಪರಿಚಯ ಅಷ್ಟಕ್ಕಷ್ಟೆ, ದೇವರ ಪರಿಚಯ ಇನ್ನೂ ಆಗಿಲ್ಲ. ಆದರೂ ಹಿರಿಯೂರಿನಲ್ಲಿ ಈ ಸಂಗತಿಯನ್ನು ಜನ ಬಾಯಿಗೊಂದು ಥರ ಹೇಳಿಕೊಂಡು ತಿರುಗುತ್ತಿರುವುದರಿಂದ, ಆದಷ್ಟು ಸರಿಯಾಗಿ ಒಂದು ಕಡೆ ಬರೆದಿಡೋಣ ಅನ್ನಿಸಿತು. ತಪ್ಪು ಕಂಡರೆ ಬಲ್ಲವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ತಂಟೆ ಶುರುವಾದದ್ದು ಒಂದು ಪೋಸ್ಟ್ ಕಾರ್ಡಿನಿಂದ. 2003ರ ಫೆಬ್ರವರಿ, ಎರಡನೇ ಶನಿವಾರ. ಬಬ್ಬೂರು ಫಾರಂನಲ್ಲಿ ಗುಮಾಸ್ತನಾಗಿದ್ದ ಪ್ರಸನ್ನಕುಮಾರ ರಜೆಯ ಖುಷಿಯಲ್ಲಿ ಹಲ್ಲುಜ್ಜುತ್ತಿದ್ದಾಗ ಪೋಸ್ಟ್‌ಮನ್ ಕಾರ್ಡು ಎಸೆದು ಹೋದ.

‘ಮಾನ್ಯರೇ, ಭಾನುವಾರ ಚಿತ್ರದುರ್ಗದಲ್ಲಿ ನಡೆಯುವ ಹಳೇ ಕಾರುಗಳ ಮೆರವಣಿಗೆಗೆ ಹೆಸರು ಕೊಟ್ಟಿದ್ದೀರಿ. ತಮ್ಮ ಕಾರನ್ನು ಪರೀಕ್ಷಿಸಲು ಶನಿವಾರ ಸಂಜೆ ಐದಕ್ಕೆ ಮನೆಗೆ ಬರುತ್ತೇನೆ. ಪ್ರತಿಯೊಂದು ಭಾಗವೂ ಅಸಲಿ ಆಗಿರತಕ್ಕದ್ದು. ವಿಶೇಷವಾಗಿ ಬಾನೆಟ್ಟಿನ ಮೇಲಿನ ಲಾಂಛನ. — ಪರಮೇಶ್ವರಪ್ಪ, ನಿವೃತ್ತ ಇಂಜಿನಿಯರು.’

ಪ್ರಸನ್ನಕುಮಾರ ಬಾಯಲ್ಲಿದ್ದ ಪೇಸ್ಟನ್ನು ನುಂಗಿಬಿಟ್ಟ.

ಕಾರು 1951ರ ಮಾರಿಸ್ ಮೈನರ್. ಊರಿನ ಹಳೇ ಡಾಕ್ಟರೊಬ್ಬರದ್ದು. ಪ್ರಸನ್ನಕುಮಾರನ ಅಪ್ಪ ಮೂರ್ತಪ್ಪ ಅದಕ್ಕೆ ಮೂವತ್ತು ವರ್ಷ ಡ್ರೈವರ್. ಡಾಕ್ಟರು ಸಾಯುವ ಮುಂಚೆ, “ಮೂರ್ತಪ್ಪ, ಇದು ನನ್ನ ಮಾತಿಗಿಂತ ನಿನ್ನ ಮಾತೇ ಜಾಸ್ತಿ ಕೇಳುತ್ತೆ, ನೀನೇ ಇಟ್ಕೊ” ಎಂದು ಬರೆದುಕೊಟ್ಟಿದ್ದರು. ಮೂರ್ತಪ್ಪನಿಗೆ ಈಗ ಎಪ್ಪತ್ತಾರು. ಅವನಿಗಿದ್ದುದು ಒಂದೇ ಆಸೆ. ಮೂವತ್ತು ವರ್ಷ ಆ ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದಾಯಿತು. ಒಂದು ಸಲ, ಒಂದೇ ಒಂದು ಸಲ, ಹಿಂದಿನ ಸೀಟಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ದುರ್ಗದ ಪೇಟೆಯಲ್ಲಿ ಹೋಗಬೇಕು.

ಅದಕ್ಕಾಗಿ ಪ್ರಸನ್ನಕುಮಾರ ನಾಲ್ಕು ವರ್ಷದಿಂದ ಊರೂರು ಅಲೆದು ಅಸಲಿ ಭಾಗಗಳನ್ನು ಕೂಡಿಸಿದ್ದ. ಹೊಳಲ್ಕೆರೆಯ ಅಜ್ಜಿಯೊಬ್ಬಳು ಹೆಡ್‌ಲೈಟಿನ ಬಳೆಯನ್ನು ಮಡಕೆಗೆ ಸಿಂಬಿ ಮಾಡಿಕೊಂಡಿದ್ದಳು. ಅವಳಿಗೆ ಹೊಸ ಸಿಂಬಿ ನೇಯಿಸಿಕೊಟ್ಟು ಬಿಡಿಸಿಕೊಂಡು ಬಂದ. ಹೊಸದುರ್ಗದ ಹೋಟೆಲಿನವನು ಚಕ್ರದ ಮುಚ್ಚಳದಲ್ಲಿ ಮಂಡಕ್ಕಿ ಕಲಸುತ್ತಿದ್ದ. ಅವನಿಗೆ ಸ್ಟೀಲ್ ಬೇಸಿನ್ನು ಕೊಟ್ಟು ಬಿಡಿಸಿದ. ಆ ಚಕ್ರ ಬಿಸಿಲಿಗೆ ಕಾದರೆ ಈಗಲೂ ಒಗ್ಗರಣೆಯ ವಾಸನೆ ಬರುತ್ತಿತ್ತು. ಎಲ್ಲ ಸಿಕ್ಕಿತ್ತು, ಬಾನೆಟ್ಟಿನ ಮೂಗಿನ ಮೇಲಿನ ಬಿಲ್ಲೆಯೊಂದನ್ನು ಬಿಟ್ಟು. ಮಾರಿಸ್ ಕಾರಿನ ಗುರುತೇ ಅದು: ದುಂಡನೆಯ ಬಿಲ್ಲೆ, ಅದರಲ್ಲಿ ಕೆಂಪು ಎತ್ತು, ಎತ್ತಿನ ಕಾಲ ಕೆಳಗೆ ನೀರಿನ ಗೆರೆ. ಸದ್ಯಕ್ಕೆ ಅಲ್ಲಿ ಬೋರ್ಡು ಬರೆಯುವವನಿಂದ ಬರೆಸಿದ ತಗಡಿನ ಎತ್ತಿತ್ತು. ನೋಡಿದವರೆಲ್ಲ ಎಮ್ಮೆಗೆ ಏನು ಕಾಯಿಲೆ ಎಂದು ಕೇಳುತ್ತಿದ್ದರು.

ಹೆಂಡತಿ ಅನುಸೂಯ ಕಾರ್ಡು ಓದಿ ಹಿಂದಕ್ಕೆ ಕೊಟ್ಟಳು. ಮನೆ ಮುಂದೆ ಕಾರು ನಿಂತಿದ್ದ ತಗಡಿನ ಶೆಡ್ಡಿನಲ್ಲಿ ಹೊಲಿಗೆ ಅಂಗಡಿ ತೆಗೆಯಬೇಕೆಂದು ನಾಲ್ಕು ವರ್ಷದಿಂದ ಕಾಯುತ್ತಿದ್ದವಳು ಅವಳು.

“ರೀ, ನಾಳೆ ಆ ಮೆರವಣಿಗೆಗೆ ಹೋದ್ರೆ ಹೋತು. ಹೋಗ್ಲಿಲ್ಲ ಅಂದ್ರೆ ಸೋಮವಾರ ಗುಜರಿಗೆ ಹೋಗ್ತೈತೆ. ಎರಡ್ರಲ್ಲಿ ಒಂದು ಕಡೆ ಅಂತೂ ಹೋಗ್ತೈತೆ.”

“ಅಪ್ಪ, ಆ ಬಿಲ್ಲೆ ಎಲ್ಲಿ ಹೋತು, ಏನಾದ್ರೂ ನೆನಪೈತಾ?” ಎಂದ ಪ್ರಸನ್ನಕುಮಾರ.

ಮೂರ್ತಪ್ಪ ಜಗಲಿಯಿಂದಲೇ ಹೇಳಿದ, “ಧರ್ಮಪುರದ ದಾರೀಲಿ ಕುರಿ ಅಡ್ಡ ಬಂದ್ವು, ನಿಲ್ಸಿದ್ದೆ. ಒಂದು ಟಗರಿಗೆ ಆ ಎತ್ತಿನ ಮುಖ ಹಿಡಿಸ್ಲಿಲ್ಲ. ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಬಂದು ಗುದ್ತು ನೋಡು! ಅವತ್ತಿಂದ ಕಾಣಿಸ್ಲಿಲ್ಲ.”

“ಯಾವ ವರ್ಷ?”

“ಡಾಕ್ಟರಮ್ಮಂಗೆ ಮೂಗುಬೊಟ್ಟು ಕಳೆದುಹೋದ ವರ್ಷ.”

ಈ ಲೆಕ್ಕವನ್ನು ಹಿಡಿದುಕೊಂಡು ಎಲ್ಲಿಗೆ ಹೋಗುವುದು ಎಂದು ಯೋಚಿಸುತ್ತಿರುವಾಗಲೇ ಆಫೀಸಿನ ರವೀಂದ್ರ ಬೈಕಿನಲ್ಲಿ ಬಂದಿಳಿದ. ರವೀಂದ್ರ ಎಂದರೆ ಕರೆಯದಿದ್ದರೂ ಬರುವ ಮನುಷ್ಯ. ಕರೆದರಂತೂ ನೆಂಟರನ್ನೂ ಕರೆದುಕೊಂಡು ಬರುವವನು. ಬಂದವನೇ ಕಾರ್ಡು ಕಿತ್ತುಕೊಂಡು ಓದಿದ.

“ಲೇ ಪ್ರಸನ್ನ, ಚಪ್ಲಿ ಮೆಟ್ಕೊ. ಗೋವಿಂದಪ್ಪನ ಗುಜರೀಗೆ ಹೋಗಾಣ. ಅವನ ಹತ್ರ ಇಲ್ಲ ಅಂದ್ರೆ ಆ ಪಾರ್ಟು ಹುಟ್ಟೇ ಇಲ್ಲ ಅಂತ ತಿಳ್ಕೊ.”

ಗುಜರಿ ಗೋವಿಂದಪ್ಪ ದುರ್ಗದ ರಸ್ತೆಯಲ್ಲಿ ಕಬ್ಬಿಣದ ಗುಡ್ಡದ ಮೇಲೆ ಕಾಗೆಯ ಹಾಗೆ ಕೂತಿದ್ದ. ವಿಷಯ ಕೇಳಿ, “ಒರಿಜಿನಲ್ ಬೇಕಾ, ಒರಿಜಿನಲ್ ಥರದ್ದು ಬೇಕಾ, ಒರಿಜಿನಲ್ ಅಂತ ಹೇಳೋಕಾಗೋದು ಬೇಕಾ?” ಎಂದ.

“ಒರಿಜಿನಲ್ಲೇ ಬೇಕು.”

“ಅದೊಂದೇ ನನ್ನ ಹತ್ರ ಇಲ್ಲದ್ದು.” ಗೋವಿಂದಪ್ಪ ಎಲೆಯಡಿಕೆ ಉಗುಳಿ ಬಂದ. “ಆದ್ರೆ ದುಂಡುಗೆ, ಎತ್ತು ಐತೆ, ಲೋಹದ್ದು ಅಂದ್ರಲ್ಲ, ಅಂಥದ್ದೊಂದು ಕಂಡೀನಿ. ಧರ್ಮಪುರದ ಆಚೆ ಜಂಪಣ್ಣ ಅಂತ, ಕುರಿ ಸಾಕ್ತಾನೆ. ಅವನ ಹಟ್ಟೀಲಿ ದೇವರ ಪೆಟ್ಟಿಗೇಲಿ ಐತೆ. ಹತ್ತು ತಗಡು ಕೊಡ್ತೀನಿ, ಕೊಡಣ್ಣ ಅಂದೆ. ದೊಣ್ಣೆ ತಗಂಡು ರಸ್ತೆ ಮಟ್ಟ ಅಟ್ಟಿಸ್ಕಂಡು ಬಂದ. ನಿಮ್ಗೆ ಬೈಕೈತೆ, ಹೋಗ್ರಿ.”

ಹನ್ನೊಂದೂವರೆಗೆ ಇಬ್ಬರೂ ಹಟ್ಟಿ ತಲುಪಿದರು. ಜಂಪಣ್ಣ ಹಟ್ಟಿಯ ಯಜಮಾನ. ಬಿಳೀ ಮೀಸೆ, ಹೆಗಲ ಮೇಲೆ ಕಂಬಳಿ. ಅವನ ಹೆಂಡತಿ ಬೊಮ್ಮಕ್ಕ ಕಲ್ಲಿನ ಮೇಲೆ ಕೂತು ಕುರಿಯುಣ್ಣೆ ಬಿಡಿಸುತ್ತಿದ್ದಳು.

“ಚಪ್ಲಿ ಅಲ್ಲೇ ಬಿಡ್ರಿ. ಬರ್ರಿ, ಕುಂತ್ಕಳ್ರಿ” ಎಂದ ಜಂಪಣ್ಣ. ಮಜ್ಜಿಗೆ ಬಂತು. ಎರಡನೇ ಸಲ ಮಜ್ಜಿಗೆ ಬಂದ ಮೇಲೆ ಪ್ರಸನ್ನಕುಮಾರ ವಿಷಯ ಹೇಳಿದ.

ಜಂಪಣ್ಣ ಸಿಟ್ಟಾಗಲಿಲ್ಲ. ಒಳಗೆ ಹೋಗಿ ಪೆಟ್ಟಿಗೆ ತೆರೆದು ತೋರಿಸಿದ. ದುಂಡನೆಯದೇ, ಅಂಗೈಯಗಲ. ಎತ್ತೂ ಇತ್ತು, ಅಥವಾ ಎತ್ತಿನಂಥದ್ದು. ಅದರ ಮೇಲೆ ಕುಂಕುಮ, ಎಣ್ಣೆ, ಅರಿಶಿನ ಎಷ್ಟು ವರ್ಷದಿಂದ ಕೂತಿತ್ತೋ, ಹೋಳಿಗೆಯ ದಪ್ಪ ಆಗಿತ್ತು. ಹಿಂದೆ ಎರಡು ತೂತು. ಆ ತೂತು ಕಂಡು ಪ್ರಸನ್ನಕುಮಾರ ಇನ್ನಷ್ಟು ಹತ್ತಿರ ಬಗ್ಗಿದ. ಬಾನೆಟ್ಟಿನಲ್ಲೂ ಎರಡು ತೂತಿದ್ದವು. ಸ್ವಲ್ಪ ಒರೆಸಿ ನೋಡೋಣವೆಂದು ಬೆರಳು ಚಾಚಿದ. ಬೊಮ್ಮಕ್ಕ ಆ ಬೆರಳಿನ ಮೇಲೆ ಫಟ್ಟನೆ ಹೊಡೆದಳು.

“ಇದು ನಮ್ಮ ಅಪ್ಪನ ಕಾರಿಂದು ಅಮ್ಮ. ಟಗರು ಗುದ್ದಿ ಉದುರಿಹೋಗಿತ್ತು” ಎಂದ ಪ್ರಸನ್ನಕುಮಾರ ಬೆರಳು ಊದಿಕೊಳ್ಳುತ್ತ.

“ನಮ್ಮ ತಾತ ಹೊಲ ಉಳುವಾಗ ಸಿಕ್ಕಿದ್ದು” ಎಂದ ಜಂಪಣ್ಣ. “ನಮ್ಮ ದೇವರ ಎತ್ತು. ತಾನಾಗೇ ಹುಡುಕ್ಕಂಡು ಬಂದೈತೆ.”

“ಯಜಮಾನ್ರೆ, ಅದು ಬರೀ ಕಾರಿನ ಪಾರ್ಟು.”

“ಪಾರ್ಟಾ?” ಬೊಮ್ಮಕ್ಕ ಉಣ್ಣೆ ಕೆಳಗಿಟ್ಟಳು. “ತಮ್ಮಾ, ನಿನ್ನ ಮೂಗೂ ನಿಂಗೆ ಪಾರ್ಟೇ. ಯಾರೋ ಬಂದು ನಮ್ದು ಅಂದ್ರೆ ಕಿತ್ಕೊಡ್ತೀಯಾ?”

ರವೀಂದ್ರ ಮಧ್ಯೆ ಬಾಯಿ ಹಾಕಿದ. “ಅಮ್ಮ, ಇವನೇನೂ ಮಾರೋಕೆ ಕೇಳ್ತಿಲ್ಲ. ಇವ್ರ ಅಪ್ಪಂಗೆ ಎಪ್ಪತ್ತಾರು. ಮೂವತ್ತು ವರ್ಷ ಕಂಡೋರನ್ನ ಹಿಂದೆ ಕುಂಡ್ರಿಸ್ಕಂಡು ಓಡ್ಸಿದಾನೆ. ಒಂದ್ಸಲ ಹಿಂದೆ ಕುಂತ್ಕಂಡು ಹೋಗ್ಬೇಕು ಅಂತಾನೆ. ಈ ಎತ್ತಿಲ್ದೆ ಅದಾಗಲ್ಲ.” ಹೇಳುತ್ತ ಹೇಳುತ್ತ ಅವನಿಗೇ ಕಣ್ಣು ತುಂಬಿತು. ರವೀಂದ್ರನಿಗೆ ಇನ್ನೊಬ್ಬರ ಕಷ್ಟಕ್ಕೆ ಅಳುವುದು ಬಲು ಸಲೀಸು.

ಬೊಮ್ಮಕ್ಕ ಗಂಡನ ಮುಖ ನೋಡಿದಳು. ಜಂಪಣ್ಣ ಮೀಸೆ ತಿರುವಿ, “ಕೊಡಾಕೆ ನಾನ್ಯಾರು, ತಗಳಾಕೆ ನೀವ್ಯಾರು? ಎತ್ತನ್ನೇ ಕೇಳಾಣ” ಎಂದ.

ಹೂ ಕೇಳುವುದೆಂದರೆ ಆ ಕಡೆ ಕೋರ್ಟಿಗಿಂತ ದೊಡ್ಡದು. ಬಿಲ್ಲೆಯನ್ನು ನೆಟ್ಟಗೆ ನಿಲ್ಲಿಸಿ, ಎರಡು ಕಣಗಿಲೆ ಹೂವನ್ನು ನೀರಿನಲ್ಲಿ ಅದ್ದಿ ಎಡಕ್ಕೊಂದು ಬಲಕ್ಕೊಂದು ಅಂಟಿಸಿದರು. ಬಲಗಡೆಯದು ಬಿದ್ದರೆ ಹೂಂ. ಎಡಗಡೆಯದು ಬಿದ್ದರೆ ಊಹೂಂ. ಹಟ್ಟಿಯ ಜನ ಎಲ್ಲ ಬಂದು ಕೂತರು. ಅರ್ಧ ಗಂಟೆಯಾಯಿತು. ಹೂವು ಅಲ್ಲಾಡಲಿಲ್ಲ. ಒಂದು ಗಂಟೆಯಾಯಿತು. ಪ್ರಸನ್ನಕುಮಾರ ತನಗೆ ಗೊತ್ತಿದ್ದ ದೇವರುಗಳನ್ನೆಲ್ಲ ಮುಗಿಸಿ, ಗೊತ್ತಿಲ್ಲದವರನ್ನು ಶುರು ಮಾಡಿದ್ದ. ಆಗ ರವೀಂದ್ರನಿಗೆ ಒಂದು ಕೆಮ್ಮು ಬಂತು. ಬೀಡಿ ಸೇದುವವನ ಕೆಮ್ಮು. ಹಳೇ ಲಾರಿ ಸ್ಟಾರ್ಟ್ ಆದ ಹಾಗೆ. ಬಲಗಡೆಯ ಹೂವು ಪಟಕ್ಕನೆ ಬಿತ್ತು.

“ಕೊಟ್ಟ! ಎತ್ತಪ್ಪ ಹೊಂಡ್ತೀನಿ ಅಂದ!” ಎಂದು ಹಟ್ಟಿ ಕೂಗಿತು.

ಜಂಪಣ್ಣ ಬಿಲ್ಲೆಯನ್ನು ಹೊಸ ಬಟ್ಟೆಯಲ್ಲಿ ಸುತ್ತಿ ಪ್ರಸನ್ನಕುಮಾರನ ತಲೆಯ ಮೇಲಿಟ್ಟ. “ನೋಡ್ರಿ ಸಾಮಿ, ಜಾಗ ಸೇರೋ ಮಟ್ಟ ತಲೆ ಮೇಲಿಂದ ಇಳಿಸಂಗಿಲ್ಲ. ಚಪ್ಲಿ ಮೆಟ್ಟಂಗಿಲ್ಲ. ಮಾತಾಡಂಗಿಲ್ಲ. ನೀವು ಮುಂದೆ ನಡೀರಿ, ನಾವು ಹಿಂದೇನೇ ಬತ್ತೀವಿ.”

ಕೊನೆಯ ಮಾತನ್ನು ಪ್ರಸನ್ನಕುಮಾರ ಮರ್ಯಾದೆಗೆ ಹೇಳಿದ್ದು ಎಂದುಕೊಂಡ. ಮಾತಾಡುವ ಹಾಗಿರಲಿಲ್ಲವಾದ್ದರಿಂದ ಯಾಕೆ ಎಂದು ಕೇಳಲೂ ಇಲ್ಲ.

ನಾಲ್ಕು ಮೈಲಿ ಬರುವಷ್ಟರಲ್ಲಿ ಬೈಕು ಪಂಚರ್. ರವೀಂದ್ರ ಬೈಕು ತಳ್ಳಿಕೊಂಡು ಪಂಚರ್ ಅಂಗಡಿ ಹುಡುಕುತ್ತ ಹೋದ. ಪ್ರಸನ್ನಕುಮಾರ ಬರಿಗಾಲಲ್ಲಿ, ತಲೆಯ ಮೇಲೊಂದು ಗಂಟು ಹಿಡಿದು ಹಿರಿಯೂರು ಬಸ್ಸು ಹತ್ತಿದ. ಬಸ್ಸಿನ ತುಂಬ ಕಡಲೆಕಾಯಿ ಮೂಟೆ.

“ಗಂಟು ಕೆಳಗಿಡಪ್ಪ. ಎಲ್ಲಿಗೆ?” ಎಂದ ಕಂಡಕ್ಟರು.

ಪ್ರಸನ್ನಕುಮಾರ ಬಾಯಿ ಮುಚ್ಚಿ, ಕಣ್ಣಿನಲ್ಲೇ ಹಿರಿಯೂರು ಎಂದು ಹೇಳಲು ನೋಡಿದ. ಹಿರಿಯೂರನ್ನು ಕಣ್ಣಿನಲ್ಲಿ ಹೇಳುವುದು ಕಷ್ಟ.

“ಏನಪ್ಪ, ಮೂಗನಾ?”

“ಸುಮ್ಕಿರಪ್ಪ ಕಂಡಕ್ಟ್ರೇ, ದೇವರು ಹೊತ್ತಾನೆ! ಕುಂಕುಮ ಇಳೀತಾ ಐತೆ, ಕಾಣಾಕಿಲ್ವಾ?” ಎಂದು ಹಿಂದಿನ ಸೀಟಿನ ಮುದುಕಿ ಗದರಿದಳು. ನಿಜ, ಬಿಸಿಲಿಗೆ ಎಣ್ಣೆ ಕರಗಿ ಅವನ ಹಣೆಯ ಮೇಲೆ ಕೆಂಪಗೆ ಹರಿಯುತ್ತಿತ್ತು. ಬಸ್ಸಿಗೆ ಬಸ್ಸೇ ಎದ್ದು ನಿಂತಿತು. ಸೀಟು ಕೊಟ್ಟರು. ಅವನು ಕೂರಲಿಲ್ಲ, ಕೂತರೆ ತಪ್ಪಾಗುವುದೋ ಏನೋ ಎಂದು ಜಂಪಣ್ಣನನ್ನು ಕೇಳಲು ಮರೆತಿದ್ದ. ಅದಕ್ಕೆ ಇನ್ನೂ ಹತ್ತು ಜನ ಕೈ ಮುಗಿದರು.

ಆ ಮುದುಕಿ ಹತ್ತಿರ ಬಂದು, “ಸಾಮಿ, ಕಳೆದುಹೋದ ನನ್ನ ಕುರಿ ಸಿಗ್ತೈತಾ?” ಎಂದಳು. ಸರಿಯಾಗಿ ಆ ಹೊತ್ತಿಗೆ ಪ್ರಸನ್ನಕುಮಾರನ ಮೂಗಿನ ಮೇಲೊಂದು ನೊಣ ಕೂತಿತು. ಕೈಯೆರಡೂ ತಲೆಯ ಮೇಲಿನ ಗಂಟು ಹಿಡಿದಿದ್ದವು. ಅವನು ತಲೆ ಅಡ್ಡಡ್ಡ ಆಡಿಸಿದ. ಮುದುಕಿ ಗೊಳೋ ಎಂದು ಅತ್ತಳು. ಪಾಪ, ಪ್ರಸನ್ನಕುಮಾರ ಸಮಾಧಾನಕ್ಕೆಂದು ತಲೆಯನ್ನು ಮೇಲೆ ಕೆಳಗೆ ಆಡಿಸಿದ. “ಸಿಗ್ತೈತಂತೆ! ಮೊದ್ಲು ಇಲ್ಲ ಅಂದು ಆಮೇಲೆ ಮನಸ್ಸು ಕರಗ್ತು!” ಎಂದು ಬಸ್ಸು ಉದ್ಗಾರ ಮಾಡಿತು. ಅಲ್ಲಿಂದ ಹಿರಿಯೂರಿನ ತನಕ ಒಬ್ಬೊಬ್ಬರಾಗಿ ಬಂದು ಕೇಳಿದರು: ಬೋರಿಗೆ ನೀರು ಬೀಳುತ್ತಾ, ಮಗಳ ಮದುವೆ ಕೂಡುತ್ತಾ, ಟ್ರಾನ್ಸ್‌ಫರ್ ಆಗುತ್ತಾ. ದೇವರಿದ್ದಾನೆಂದು ಡ್ರೈವರು ಬಸ್ಸನ್ನು ಎತ್ತಿನ ಗಾಡಿಯ ವೇಗದಲ್ಲಿ ಬಿಟ್ಟ.

ಮನೆ ಮುಟ್ಟಿದಾಗ ನಾಲ್ಕೂವರೆ. ಕೆಂಪು ಮುಖ, ಬರಿಗಾಲು, ಅಂಗಿಯ ಮೇಲೆಲ್ಲ ಎಣ್ಣೆ.

“ಯಾರು ಹೊಡೆದ್ರು ರೀ?” ಎಂದು ಅನುಸೂಯ ಓಡಿ ಬಂದಳು.

ಅವನು ಮಾತಾಡದೆ ಸೀದಾ ಶೆಡ್ಡಿಗೆ ಹೋಗಿ, ತಗಡಿನ ಎಮ್ಮೆಯನ್ನು ಕಿತ್ತು ಬಿಸಾಕಿ, ಬಿಲ್ಲೆಯನ್ನು ಬಾನೆಟ್ಟಿನ ಮೇಲಿಟ್ಟು ಎರಡು ಬೋಲ್ಟು ಬಿಗಿದ. ಒಂದು ಬೋಲ್ಟು ಸರಾಗ ಕೂತಿತು. ಇನ್ನೊಂದಕ್ಕೆ ಸ್ವಲ್ಪ ತಟ್ಟಬೇಕಾಯಿತು. ಆಮೇಲೆ, “ಒರಿಜಿನಲ್ಲು ಕಣೇ!” ಎಂದು ನೆಲದ ಮೇಲೆ ಕುಸಿದು ಕೂತ. ಮೂರ್ತಪ್ಪ ಒಳಗೆ ಹೋಗಿ ಇಸ್ತ್ರಿ ಮಾಡಿದ ಪಂಚೆ ಉಟ್ಟುಕೊಂಡು ಬಂದ. ಮೆರವಣಿಗೆ ಮಾರನೇ ದಿನ ಎಂದು ಹೇಳಿದರೂ ಬಿಚ್ಚಲಿಲ್ಲ.

ಐದಕ್ಕೆ ಸರಿಯಾಗಿ ಪರಮೇಶ್ವರಪ್ಪ ಬಂದ. ಕೈಯಲ್ಲಿ ಭೂತಗನ್ನಡಿ, ಬಗಲಲ್ಲಿ ಫೈಲು. ಹಾರ್ನು ನೋಡಿದ, ಡೈನಮೊ ನೋಡಿದ, ಚಕ್ರದ ಮುಚ್ಚಳವನ್ನು ಮೂಸಿ “ಮಂಡಕ್ಕಿ?” ಎಂದ, ಆದರೂ ಅಸಲಿ ಎಂದು ಬರೆದುಕೊಂಡ. ಕೊನೆಗೆ ಬಾನೆಟ್ಟಿನ ಮುಂದೆ ಬಗ್ಗಿದ.

“ಇದರ ಮೇಲೇನ್ರೀ ಇದು?”

“ಕುಂಕುಮ ಸಾರ್.”

“ಸೀಮೆಎಣ್ಣೆ ಬಟ್ಟೆ ತನ್ನಿ, ಒರೆಸಿ ನೋಡ್ತೀನಿ.”

ಅನುಸೂಯ ಬಟ್ಟೆ ತಂದಳು. ಪರಮೇಶ್ವರಪ್ಪ ಇನ್ನೇನು ಒರೆಸಬೇಕು, ಅಷ್ಟರಲ್ಲಿ ಬೀದಿಯ ಕೊನೆಯಲ್ಲಿ ಉರುಮೆ ಬಡಿಯುವ ಸದ್ದು ಕೇಳಿತು. ಒಂದು ಟ್ರ್ಯಾಕ್ಟರು, ಅದರ ತುಂಬ ಜನ, ಜನರ ನಡುವೆ ನಾಲ್ಕು ಕುರಿ. ಮುಂದೆ ಜಂಪಣ್ಣ, ಪಕ್ಕದಲ್ಲಿ ಬೊಮ್ಮಕ್ಕ, ಹಿಂದೆ ನಾಚಿಕೆಯಿಲ್ಲದ ಮುಖದಲ್ಲಿ ರವೀಂದ್ರ. ಪಂಚರಾದ ಬೈಕನ್ನೂ ಟ್ರ್ಯಾಕ್ಟರಿನಲ್ಲೇ ಹಾಕಿಸಿಕೊಂಡಿದ್ದ.

“ಮುಟ್ಟಬ್ಯಾಡ್ರಿ!” ಎಂದು ಬೊಮ್ಮಕ್ಕ ಕೂಗಿದ್ದಕ್ಕೆ ಪರಮೇಶ್ವರಪ್ಪನ ಕೈಯಿಂದ ಬಟ್ಟೆ ಬಿದ್ದುಹೋಯಿತು. ಕಣ್ಣು ಮುಚ್ಚಿ ಬಿಡುವುದರೊಳಗೆ ಕಾರಿಗೆ ಮಾವಿನ ತೋರಣ, ಬಿಲ್ಲೆಗೆ ಹೊಸದಾಗಿ ಒಂದು ಬೊಗಸೆ ಕುಂಕುಮ. ಇಡೀ ಬೀದಿ ಶೆಡ್ಡಿನ ಮುಂದೆ ಸೇರಿತು.

ಪರಮೇಶ್ವರಪ್ಪ ಬುದ್ಧಿವಂತ, ಕುರಿ ಮತ್ತು ಜನ ಎರಡನ್ನೂ ನೋಡಿ, “ಇರ್ಲಿ, ಲಾಂಛನ ಅಸಲಿ ಅಂತಲೇ ಇಟ್ಕೊಳ್ಳೋಣ” ಎಂದ. “ಈಗ ಗಾಡಿ ಸ್ಟಾರ್ಟ್ ಮಾಡಿ, ಬೀದಿ ಕೊನೆ ತನಕ ಓಡಿಸಿ ತೋರಿಸಿ. ಅಷ್ಟಾದರೆ ಪಾಸು.”

ಪ್ರಸನ್ನಕುಮಾರ ಕುಣಿದಾಡಿಕೊಂಡು ಇಂಜಿನ್ ತಿರುವುವ ಹ್ಯಾಂಡಲ್ಲು ತಂದು ಕಾರಿನ ಮೂತಿಗೆ ತೂರಿಸಿದ. ಜಂಪಣ್ಣ ಬಂದು ಅವನ ರಟ್ಟೆ ಹಿಡಿದ.

“ಏನ್ ಮಾಡ್ತಾ ಇದೀರಿ ಸಾಮಿ?”

“ಓಡಿಸ್ಬೇಕಲ್ಲ ಯಜಮಾನ್ರೆ.”

“ಓಡಿಸಾದಾ?” ಜಂಪಣ್ಣನ ಮುಖ ಕಪ್ಪಿಟ್ಟಿತು. “ನಮ್ಮ ಹಟ್ಟೀಲಿ ನಲವತ್ತು ದೇವರ ಎತ್ತು ಅವೆ. ಒಂದರ ಹೆಗಲಿಗೂ ಇವತ್ತಿನ ಮಟ್ಟ ನೊಗ ತಾಗಿಲ್ಲ. ದೇವರ ಎತ್ತು ಉಳಂಗಿಲ್ಲ, ಬಂಡಿ ಎಳೆಯಂಗಿಲ್ಲ, ಮೇಯ್ಕಂಡು ಇರ್ಬೇಕು, ಅಷ್ಟೇ. ನೀವು ಇದರ ಕೈಲಿ ಇಷ್ಟು ದೊಡ್ಡ ಬಂಡಿ ಎಳಸ್ತೀರಾ?”

“ಎತ್ತು ಎಳೆಯಲ್ಲ ಯಜಮಾನ್ರೆ, ಇಂಜಿನ್ ಎಳೀತೈತೆ!”

“ಮುಂದೆ ಯಾರ್ನ ಕಟ್ಟವ್ರೆ?” ಎಂದಳು ಬೊಮ್ಮಕ್ಕ. “ಎತ್ತೇ ತಾನೆ ಮುಂದಿರಾದು? ಮುಂದಿದ್ದೋನು ಎಳೆಯೋನು.”

ಬೀದಿಯ ಜನ, ಹೌದಲ್ಲ, ಎಂದರು. ಪ್ರಸನ್ನಕುಮಾರ ಪರಮೇಶ್ವರಪ್ಪನ ಕಡೆ ತಿರುಗಿದ.

“ಸಾರ್, ಬಿಲ್ಲೆ ಬಿಚ್ಚಿಟ್ಟು ಓಡಿಸ್ಲಾ?”

“ಬಿಚ್ಚಿದರೆ ಅಸಲಿ ಅಲ್ಲ, ಪ್ರವೇಶ ಇಲ್ಲ” ಎಂದ ಪರಮೇಶ್ವರಪ್ಪ. “ಓಡದಿದ್ದರೂ ಪ್ರವೇಶ ಇಲ್ಲ.” ಎರಡನ್ನೂ ಫೈಲಿನಲ್ಲಿ ಬರೆದುಕೊಂಡ.

“ಹಂಗಾದ್ರೆ ನಿಮ್ಮ ಎತ್ತು ವಾಪಸ್ ತಗಂಡ್ಹೋಗ್ರಿ!” ಪ್ರಸನ್ನಕುಮಾರ ಅಳುವುದೊಂದು ಬಾಕಿ.

“ನಮ್ದೇನೂ ಅಭ್ಯಂತರ ಇಲ್ಲ” ಎಂದ ಜಂಪಣ್ಣ ಶಾಂತವಾಗಿ. “ಕೇಳಾಣ.”

ಬಾನೆಟ್ಟಿನ ಮೇಲೆಯೇ ಹೂವು ಅಂಟಿಸಿದರು. ಈ ಸಲ ಅರ್ಧ ಗಂಟೆಯೂ ಬೇಕಾಗಲಿಲ್ಲ, ಕೆಮ್ಮೂ ಬೇಕಾಗಲಿಲ್ಲ. ಜಂಪಣ್ಣ ಕೈ ತೆಗೆಯುವ ಮುಂಚೆಯೇ ಎಡಗಡೆಯ ಹೂವು ಉದುರಿತು.

“ಬರಲ್ಲ ಅಂದ. ಜಾಗ ಹಿಡಿಸೈತೆ” ಎಂದ ಜಂಪಣ್ಣ. ಉರುಮೆ ಮತ್ತೆ ಶುರುವಾಯಿತು. ದಿನಾ ಎರಡು ಹೊತ್ತು ದೀಪ, ಸೋಮವಾರ ಬಾಡು ತಿನ್ನಬಾರದು, ಶೆಡ್ಡಿನೊಳಗೆ ಚಪ್ಪಲಿ ಮೆಟ್ಟಬಾರದು ಎಂದು ಪ್ರಸನ್ನಕುಮಾರನಿಗೆ ವಿವರವಾಗಿ ಹೇಳಿಕೊಟ್ಟು, ಬೊಮ್ಮಕ್ಕ ಅವನ ಕೈಗೊಂದು ಎಣ್ಣೆ ಗಿಂಡಿ ಕೊಟ್ಟಳು. ಪರಮೇಶ್ವರಪ್ಪನೂ ಹೋಗುವ ಮುಂಚೆ, ಯಾವುದಕ್ಕೂ ಇರಲಿ ಎಂದು ಕೈ ಮುಗಿದ.

ಗಲಾಟೆಯ ನಡುವೆ ಮೂರ್ತಪ್ಪ ಯಾವಾಗಲೋ ಬಾಗಿಲು ತೆರೆದು ಹಿಂದಿನ ಸೀಟಿನಲ್ಲಿ ಕೂತಿದ್ದ. ಕಾಲ ಮೇಲೆ ಕಾಲು ಹಾಕಿದ್ದ. ಜನ ಕಿಟಕಿಯಲ್ಲಿ ಬಗ್ಗಿ ಅವನಿಗೂ ಕೈ ಮುಗಿಯುತ್ತಿದ್ದರು. ಪ್ರಸನ್ನಕುಮಾರ ಪಕ್ಕಕ್ಕೆ ಹೋಗಿ ನಿಂತ.

“ಹೆಂಗೈತಪ್ಪ?”

“ಸೀಟು ಮೆತ್ತಗೈತೆ” ಎಂದ ಮೂರ್ತಪ್ಪ. ಸ್ವಲ್ಪ ಹೊತ್ತು ಮುಂದಿನ ಖಾಲಿ ಜಾಗವನ್ನೇ ನೋಡಿದ. “ಆದ್ರೆ ಸ್ಟೇರಿಂಗ್ ಹತ್ರ ಯಾರೂ ಇಲ್ದೆ ಹಿಂದೆ ಕುಂತ್ರೆ ಎದೆ ಹೊಡ್ಕಂತೈತಪ್ಪ. ನಾನು ಇಳೀತೀನಿ.”

ಮರುದಿನ ಮೆರವಣಿಗೆ ಇವರನ್ನು ಬಿಟ್ಟು ಹೋಯಿತು. ಸೋಮವಾರ ಗುಜರಿ ಗೋವಿಂದಪ್ಪ ತಕ್ಕಡಿ ಹಿಡಿದು ಬಂದ. ಕಾರಿನ ಮುಂದೆ ಐದಾರು ಜನ ಕಾಯಿ ಹಿಡಿದು ನಿಂತಿದ್ದನ್ನು ಕಂಡು ತಾನೂ ಒಂದು ಕಾಯಿ ತರಲು ಹೋದ. ಅನುಸೂಯ ಬಾಗಿಲಲ್ಲಿ ನಿಂತು ನೋಡಿದಳು.

“ಓಡೋ ಕಾರಾಗಿದ್ರೆ ಯಾವತ್ತಾದ್ರೂ ಒಂದಿನ ಶೆಡ್ಡು ಬಿಟ್ಟು ಹೋಗ್ತಿತ್ತು” ಎಂದಳು ಗಂಡನಿಗೆ. “ಈಗ ಅದೂ ಇಲ್ಲ. ದೀಪಕ್ಕೆ ಎಣ್ಣೆ ಹಾಕಿದ್ರಾ?”

ಆ ಬಿಲ್ಲೆಯ ಮೇಲೆ ಈಗ ಕುಂಕುಮ ಮೂರು ಹೋಳಿಗೆಯಷ್ಟು ದಪ್ಪ ಆಗಿದೆ. ಅದು ಟಗರು ಗುದ್ದಿ ಉದುರಿಸಿದ ಮಾರಿಸ್ ಕಾರಿನ ಎತ್ತೋ, ಜಂಪಣ್ಣನ ತಾತನ ನೇಗಿಲಿಗೆ ಸಿಕ್ಕ ಎತ್ತೋ, ಅಥವಾ ಅದರ ಕೆಳಗೆ ಎತ್ತೇ ಇದೆಯೋ ಇಲ್ಲವೋ, ಒರೆಸಿ ನೋಡುವ ಧೈರ್ಯ ಇಲ್ಲಿಯವರೆಗೆ ಯಾರೂ ಮಾಡಿಲ್ಲ. ಪ್ರಸನ್ನಕುಮಾರನನ್ನು ಕೇಳಿದರೆ ಗೊತ್ತಿಲ್ಲ ಅನ್ನುತ್ತಾನೆ. ಇಲ್ಲಿಯೂ ಅದಕ್ಕಿಂತ ಹೆಚ್ಚು ಹೇಳಲು ಗೊತ್ತಿಲ್ಲ.